ಮೆಲಿಯಾಯ್ಡೋಸಿಸ್: ನಮ್ಮ ಲ್ಯಾಬಿನಲ್ಲಿ ಅದನ್ನು ಹಿಡಿಯತೊಡಗಿದ್ದು ಹೀಗೆ

ಕರಾವಳಿಯ ಒಂದು ಆಸ್ಪತ್ರೆಯಲ್ಲಿ ನಾನು ಮೈಕ್ರೋಬಯಾಲಜಿ ವಿಭಾಗ ನೋಡಿಕೊಳ್ಳುತ್ತೇನೆ. ಘಟ್ಟದ ಮೇಲಿನ ಲ್ಯಾಬಿನವರು ಸಿಕ್ಕಾಗ ಕೇಳುವ ಮೊದಲ ಪ್ರಶ್ನೆ, "ನಿಮಗೆ ಅಷ್ಟೊಂದು ಮೆಲಿಯಾಯ್ಡೋಸಿಸ್ ಸಿಗುತ್ತದಲ್ಲ, ಮಷಿನ್ ಯಾವುದು?" ಮೆಲಿಯಾಯ್ಡೋಸಿಸ್ ಎಂದರೆ ಮಣ್ಣಿನ ಒಂದು ಬ್ಯಾಕ್ಟೀರಿಯಾದಿಂದ ಬರುವ ಸೋಂಕು. ಮಷಿನ್ ಅವರಲ್ಲಿರುವಂಥದ್ದೇ. ನಾವು ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟ್ ಬಿಸಾಡುವ ದಿನವನ್ನು ಮುಂದೂಡಿದೆವು, 'ಸ್ಯೂಡೊಮೋನಾಸ್ ಪ್ರಭೇದ' ಎಂದು ಬೇರೊಂದು ಬ್ಯಾಕ್ಟೀರಿಯಾ ಗುಂಪಿನ ಹೆಸರು ಬರೆದು ಕೈತೊಳೆದುಕೊಳ್ಳುವುದನ್ನು ಬಿಟ್ಟೆವು. ಸಂಶೋಧನೆ ಎಂದು ದೊಡ್ಡದಾಗಿ ಹೇಳಿಕೊಳ್ಳುವುದೆಲ್ಲ ಅಲ್ಲಿಂದ ಶುರುವಾಯಿತು.

ರೋಗವೇನೂ ಹೊಸದಲ್ಲ. ರಂಗೂನಿನಲ್ಲಿ ವಿಟ್‌ಮೋರ್ ಮತ್ತು ಕೃಷ್ಣಸ್ವಾಮಿ ಇದನ್ನು ಗುರುತಿಸಿ 1912ರಲ್ಲಿ ಬರೆದರು. ಬರ್ಖೋಲ್ಡೇರಿಯಾ ಸ್ಯೂಡೊಮ್ಯಾಲಿಯೈ ಎಂಬ ಬ್ಯಾಕ್ಟೀರಿಯಾ ಮಣ್ಣಿನಲ್ಲಿ, ಕೆಸರುನೀರಿನಲ್ಲಿ ಇರುತ್ತದೆ. ಕಾಲಿನ ಗಾಯದಿಂದಲೋ ಉಸಿರಿನಿಂದಲೋ ಒಳಗೆ ಹೋಗುತ್ತದೆ. ನಮ್ಮಲ್ಲಿ ಜೂನ್ ಮಳೆ ಹಿಡಿದ ಮೇಲೆ ಕೇಸುಗಳು ಏರುತ್ತವೆ. ಗದ್ದೆ, ತೋಟದಲ್ಲಿ ಬರಿಗಾಲಲ್ಲಿ ದುಡಿಯುವವರು, ಅದರಲ್ಲೂ ಶುಗರ್ ಇರುವವರು. ರೋಗಿಗಳಲ್ಲಿ ದೊಡ್ಡ ಪಾಲು ಮಂದಿಗೆ ಶುಗರ್ ಇರುತ್ತದೆ ಎಂಬುದು ಥಾಯ್ಲೆಂಡಿನಿಂದ ಉತ್ತರ ಆಸ್ಟ್ರೇಲಿಯಾದವರೆಗೆ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡದ್ದು. 2016ರಲ್ಲಿ ಬಂದ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,65,000 ಜನರಿಗೆ ಈ ರೋಗ ಬರುತ್ತದೆ, 89,000 ಮಂದಿ ಸಾಯುತ್ತಾರೆ. ಆ ಲೆಕ್ಕದಲ್ಲಿ ದಕ್ಷಿಣ ಏಷ್ಯಾದ ಪಾಲು ದೊಡ್ಡದು. ಆದರೂ ನಮ್ಮ ಡಾಕ್ಟರುಗಳಲ್ಲಿ ಅನೇಕರು ಇದನ್ನು ಪರೀಕ್ಷೆಗೆ ಓದಿ ಮರೆತಿರುತ್ತಾರೆ.

ಮರೆಯುವುದಕ್ಕೆ ಕಾರಣವೂ ಇದೆ. ಈ ರೋಗಕ್ಕೆ ತನ್ನದೇ ಆದ ಮುಖವಿಲ್ಲ. ಒಬ್ಬರಿಗೆ ನ್ಯುಮೋನಿಯಾ, ಇನ್ನೊಬ್ಬರಿಗೆ ಲಿವರಿನೊಳಗೆ ಕೀವು, ಮತ್ತೊಬ್ಬರಿಗೆ ಪ್ರಾಸ್ಟೇಟಿನಲ್ಲಿ, ಮಂಡಿಯಲ್ಲಿ. ತಿಂಗಳುಗಟ್ಟಲೆ ಕೆಮ್ಮು, ಜ್ವರ, ತೂಕ ಇಳಿಕೆ, ಎಕ್ಸ್‌ರೇಯಲ್ಲಿ ಮೇಲ್ಭಾಗದಲ್ಲಿ ನೆರಳು ಎಂದರೆ ಯಾರಾದರೂ ಟಿಬಿ ಎಂದೇ ಹೇಳುತ್ತಾರೆ. ಟಿಬಿಯ ಮಾತ್ರೆ ತಿಂಗಳಾನುಗಟ್ಟಲೆ ನುಂಗಿ, ಗುಣವಾಗದೆ ನಮ್ಮಲ್ಲಿಗೆ ಬಂದವರನ್ನು ನೋಡಿದ್ದೇನೆ.

ಲ್ಯಾಬಿನ ವಿಷಯಕ್ಕೆ ಬರೋಣ. ಈ ಬ್ಯಾಕ್ಟೀರಿಯಾ ನಿಧಾನ. ಮೊದಲ ದಿನ ಬ್ಲಡ್ ಅಗಾರ್ (ಬ್ಯಾಕ್ಟೀರಿಯಾ ಬೆಳೆಸಲು ಪ್ಲೇಟಿಗೆ ಹಾಕುವ, ರಕ್ತ ಬೆರೆಸಿದ ಪಾಕ) ಮೇಲೆ ಸಣ್ಣ ಚುಕ್ಕೆ, ಏನೂ ವಿಶೇಷವಿಲ್ಲ. ಕಫದಲ್ಲಾದರೆ ಬೇರೆ ಬ್ಯಾಕ್ಟೀರಿಯಾಗಳ ನಡುವೆ ಕಾಣುವುದೇ ಇಲ್ಲ. ಅದಕ್ಕೇ ನಾವು ಆಷ್‌ಡೌನ್ ಅಗಾರ್ ಮಾಡಿಕೊಳ್ಳತೊಡಗಿದೆವು. 1979ರಲ್ಲಿ ಆಸ್ಟ್ರೇಲಿಯಾದಲ್ಲಿ ಆಷ್‌ಡೌನ್ ರೂಪಿಸಿದ್ದು: ಗ್ಲಿಸರಾಲ್, ಕ್ರಿಸ್ಟಲ್ ವಯೊಲೆಟ್, ನ್ಯೂಟ್ರಲ್ ರೆಡ್, ಬೇರೆ ಬ್ಯಾಕ್ಟೀರಿಯಾಗಳನ್ನು ತಡೆಯುವ ಆಂಟಿಬಯಾಟಿಕ್ ಜೆಂಟಾಮೈಸಿನ್. ಯಾವ ಸಾಧಾರಣ ಮೀಡಿಯಾ ರೂಮಿನಲ್ಲೂ ಆಗುವ ಕೆಲಸ. ಎರಡು ಮೂರು ದಿನ ಕಳೆದ ಮೇಲೆ ಅದರ ಮೇಲೆ ನೇರಳೆ ಬಣ್ಣದ, ಸುಕ್ಕುಗಟ್ಟಿದ ಒಣ ಕಾಲೊನಿ (ಬ್ಯಾಕ್ಟೀರಿಯಾದ ಗುಂಪು) ಏಳುತ್ತದೆ. ಒಮ್ಮೆ ನೋಡಿದ ಟೆಕ್ನಿಷಿಯನ್ ಮತ್ತೆ ಮರೆಯುವುದಿಲ್ಲ. ಆದ್ದರಿಂದ ಕೀವು, ಕಫ, ಮೂತ್ರ, ಗಂಟಲಿನ ಸ್ವಾಬ್ ಇವುಗಳ ಆಷ್‌ಡೌನ್ ಪ್ಲೇಟುಗಳನ್ನು ಐದನೇ ದಿನಕ್ಕೆ ಮೊದಲು ಬಿಸಾಡಬಾರದು ಎಂದು ಇನ್‌ಕ್ಯುಬೇಟರಿನ ಬಾಗಿಲಿಗೇ ಚೀಟಿ ಅಂಟಿಸಿದೆ. ಜಾಗ ಸಾಲದು ಎಂಬ ಗೊಣಗಾಟ ಬಂತು, ಇನ್ನೂ ಇದೆ.

ಯಾವ ಲ್ಯಾಬಿಗೂ ಕೈಗೆಟಕುವುದು ಡಿಸ್ಕ್ ಉಪಾಯ: ಆಂಟಿಬಯಾಟಿಕ್ ಹೀರಿದ ಕಾಗದದ ಬಿಲ್ಲೆಗಳನ್ನು ಪ್ಲೇಟಿನ ಮೇಲಿಟ್ಟು, ಬ್ಯಾಕ್ಟೀರಿಯಾ ಯಾವುದಕ್ಕೆ ಬಗ್ಗುತ್ತದೆ ಎಂದು ನೋಡುವುದು. ಆಕ್ಸಿಡೇಸ್ ಪಾಸಿಟಿವ್ ಗ್ರಾಮ್ ನೆಗೆಟಿವ್ ಕಡ್ಡಿ (ಲ್ಯಾಬಿನ ಎರಡು ಸರಳ ಪರೀಕ್ಷೆಗಳಲ್ಲಿ ಹೀಗೆ ಕಾಣುವ ಕಡ್ಡಿಯಾಕಾರದ ಬ್ಯಾಕ್ಟೀರಿಯಾ), ಜೆಂಟಾಮೈಸಿನ್‌ಗೆ ಬಗ್ಗುವುದಿಲ್ಲ, ಕೊಲಿಸ್ಟಿನ್‌ಗೂ ಇಲ್ಲ, ಆದರೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಸುತ್ತ ಚೊಕ್ಕ ವಲಯ ಬಿಡುತ್ತದೆ. ಈ ಮೂರು ಒಟ್ಟಿಗೆ ಕಂಡರೆ ಕೆಲಸ ನಿಲ್ಲಿಸಿ ನನ್ನನ್ನು ಕರೆಯಬೇಕು. ಇದು ಪೂರ್ತಿ ನಿಖರವಲ್ಲ. ಮಲೇಷ್ಯಾದ ಸರವಾಕ್‌ನಲ್ಲಿ ಜೆಂಟಾಮೈಸಿನ್‌ಗೆ ಬಗ್ಗುವ ತಳಿಗಳೇ ಹೆಚ್ಚು. ಆಷ್‌ಡೌನ್ ಅಗಾರ್ ಮೇಲೆ ಅವು ಬೆಳೆಯುವುದೂ ಇಲ್ಲ. ಬ್ಯಾಕ್ಟೀರಿಯಾದ ಹೆಸರು ಹೇಳುವ ಮಷಿನ್‌ಗಳೂ ಮೋಸ ಮಾಡುತ್ತವೆ. ವೈಟೆಕ್ ಕೆಲವೊಮ್ಮೆ ಬರ್ಖೋಲ್ಡೇರಿಯಾ ಸೆಪಾಸಿಯಾ ಎನ್ನುತ್ತದೆ, ಮಾಲ್ಡಿ-ಟಾಫ್ ಸ್ಯೂಡೊಮ್ಯಾಲಿಯೈಯ ಸಾಧು ನೆಂಟ ಥಾಯ್ಲೆಂಡೆನ್ಸಿಸ್ ಹೆಸರು ಕೊಡುತ್ತದೆ. ಪರದೆ ಮೇಲೆ ಈ ಎರಡರಲ್ಲಿ ಯಾವುದು ಬಂದರೂ ನಾವು ಈ ಬ್ಯಾಕ್ಟೀರಿಯಾವನ್ನೇ ಗುರುತಿಸುವ ಲೇಟೆಕ್ಸ್ ಪರೀಕ್ಷೆ ಮಾಡುತ್ತೇವೆ, ಅನುಮಾನ ಉಳಿದರೆ ಅದರ ಡಿಎನ್ಎ ಹುಡುಕುವ ಪಿಸಿಆರ್.

ಒಂದು ಎಚ್ಚರಿಕೆ. ಹಳೆಯ ಟೆಕ್ನಿಷಿಯನ್ನರಿಗೆ ಪ್ಲೇಟು ಮೂಸುವ ಚಟ. ಈ ಕಾಲೊನಿಗೆ ಮಣ್ಣಿನ ವಾಸನೆ ಇರುವುದು ನಿಜ, ಆದರೆ ಉಸಿರಿನಿಂದಲೂ ಒಳಗೆ ಹೋಗುವ ಬ್ಯಾಕ್ಟೀರಿಯಾ ಇದು, ಮೂಸಲೇಬಾರದು. ಅನುಮಾನ ಬಂದ ಕೂಡಲೇ ಪ್ಲೇಟಿಗೆ ಟೇಪು ಸುತ್ತಿ ಸೇಫ್ಟಿ ಕ್ಯಾಬಿನೆಟ್ಟಿಗೆ ಒಯ್ಯುವುದು ನಮ್ಮಲ್ಲಿ ಕಡ್ಡಾಯ.

ವಾರ್ಡಿನವರಿಗೆ ಎರಡು ವಿಷಯ ಒಪ್ಪಿಸಲು ಹೆಚ್ಚು ಹೊತ್ತು ಬೇಕಾಯಿತು. ಮೊದಲನೆಯದು, ಕಲ್ಚರ್ (ಮಾದರಿಯಿಂದ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ನೆಗೆಟಿವ್ ಬಂದರೆ ರೋಗ ಇಲ್ಲವೆಂದಲ್ಲ. ಕಲ್ಚರ್ ಹಿಡಿಯುವುದು ಸುಮಾರು 60 ಶೇಕಡಾ ಕೇಸುಗಳನ್ನು. ಹಾಗಾಗಿ ಬರೀ ರಕ್ತ ಕಳಿಸಿದರೆ ಸಾಲದು, ಮೂತ್ರ, ಗಂಟಲಿನ ಸ್ವಾಬ್ ಕೂಡ ಬೇಕು, ಮರುದಿನ ಇನ್ನೊಮ್ಮೆ ಬೇಕು. ಎರಡನೆಯದು ಅದರ ತಿರುಗುಮುರುಗು. ಇದು ನಮ್ಮ ಮೈಯಲ್ಲಿ ಸುಮ್ಮನೆ ವಾಸಿಸುವ ಬ್ಯಾಕ್ಟೀರಿಯಾ ಅಲ್ಲ. ಗಂಟಲಿನಿಂದ ಒಂದೇ ಒಂದು ಕಾಲೊನಿ ಬಂದರೂ ಅದು ರೋಗವೇ, 'ಕಂಟಾಮಿನೇಷನ್ ಇರಬೇಕು' ಎಂದು ಬದಿಗಿಡುವಂತಿಲ್ಲ.

ಚಿಕಿತ್ಸೆಯಲ್ಲಿ ದಾರಿ ತೋರಿಸಿದ್ದು ಥಾಯ್ಲೆಂಡಿನ ಉಬೊನ್ ರಾಚಥಾನಿಯ ಆಸ್ಪತ್ರೆ. ಅಲ್ಲಿಯ ಅಧ್ಯಯನ 1989ರಲ್ಲಿ ಪ್ರಕಟವಾಯಿತು. ತೀವ್ರ ಕೇಸುಗಳಲ್ಲಿ ಹಳೆಯ ಔಷಧಗಳ ಬದಲು ಸೆಫ್ಟಾಜಿಡಿಮ್ ಎಂಬ ಆಂಟಿಬಯಾಟಿಕ್ ಕೊಟ್ಟಾಗ ಸಾವಿನ ಪ್ರಮಾಣ 74ರಿಂದ 37 ಶೇಕಡಾಕ್ಕೆ ಇಳಿಯಿತು. ಈಗಲೂ ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್ ಕನಿಷ್ಠ 10ರಿಂದ 14 ದಿನ ರಕ್ತನಾಳದ ಮೂಲಕ. ಆಳದಲ್ಲಿ ಕೀವಿದ್ದರೆ, ಮೂಳೆಗೆ, ಮಿದುಳಿಗೆ ಹರಡಿದ್ದರೆ ಇನ್ನೂ ಉದ್ದ. ಇಲ್ಲಿ ಪಿ.ಜಿ. ಹುಡುಗರು ಹೆದರುವ ಒಂದು ಜಾಗ ಇದೆ. ಸರಿಯಾದ ಔಷಧ ಶುರುವಾದರೂ ಜ್ವರ ಇಳಿಯಲು ಒಂಬತ್ತು ದಿನದಷ್ಟು ಹಿಡಿಯುವುದು ಸಾಮಾನ್ಯ. ನಾಲ್ಕನೇ ದಿನಕ್ಕೇ "ಮ್ಯಾಮ್, ಫೀವರ್ ಸ್ಪೈಕ್ ಇದೆ, ಆಂಟಿಬಯಾಟಿಕ್ ಬದಲಿಸಲಾ?" ಎಂದು ಫೋನ್ ಬರುತ್ತದೆ. ಬದಲಿಸಬೇಡಿ, ಬ್ಲಡ್ ಕಲ್ಚರ್ ಮತ್ತೆ ಕಳಿಸಿ, ಹೊಟ್ಟೆಯ ಸ್ಕ್ಯಾನ್ ಮಾಡಿಸಿ, ಗಂಡಸಾದರೆ ಪ್ರಾಸ್ಟೇಟ್ ನೋಡಿ ಎನ್ನುತ್ತೇನೆ. ಅನೇಕ ಸಲ ಯಾರೂ ನೋಡದ ಕೀವಿನ ಗಡ್ಡೆ ಅಲ್ಲೇ ಕೂತಿರುತ್ತದೆ.

ಆಮೇಲೆ ಕನಿಷ್ಠ ಮೂರು ತಿಂಗಳು ಕೋಟ್ರೈಮಾಕ್ಸಜೋಲ್ ಮಾತ್ರೆ. ಹಿಂದೆ ಜೊತೆಗೆ ಡಾಕ್ಸಿಸೈಕ್ಲಿನ್ ಕೊಡುತ್ತಿದ್ದರು. ಕೋಟ್ರೈಮಾಕ್ಸಜೋಲ್ ಒಂದೇ ಸಾಕು ಎಂದು 2014ರಲ್ಲಿ ಥಾಯ್ಲೆಂಡಿನ ಟ್ರಯಲ್ ತೋರಿಸಿತು. ಮಾತ್ರೆ ಅಗ್ಗ, ಆದರೆ ಡೋಸ್ ದೊಡ್ಡದು. ಮೈಮೇಲೆ ದದ್ದು ಬರಬಹುದು, ಪೊಟ್ಯಾಸಿಯಂ, ಕ್ರಿಯಾಟಿನಿನ್ ಏರಬಹುದು, ರಕ್ತ ಪರೀಕ್ಷೆ ಮಾಡಿಸುತ್ತಲೇ ಇರಬೇಕು. ಮನೆಗೆ ಹೋದವರು ಚೇತರಿಸಿಕೊಂಡ ಕೂಡಲೇ ಮಾತ್ರೆ ಬಿಡುತ್ತಾರೆ, ರೋಗ ಮರುಕಳಿಸುತ್ತದೆ. ಒಬ್ಬ ರೋಗಿಯ ಹೆಂಡತಿ ನನ್ನನ್ನೇ ಕೇಳಿದ್ದರು: "ಇವರಿಗೆ ಈಗ ಜ್ವರ ಉಂಟಾ ಡಾಕ್ಟ್ರೇ? ಇಲ್ಲ. ಗದ್ದೆಗೂ ಹೋಗ್ತಾರೆ. ಮತ್ತೆ ಮಾತ್ರೆ ಎಂತಕ್ಕೆ?" ನ್ಯಾಯವಾದ ಪ್ರಶ್ನೆ. ಹಾಗಾಗಿ ಈ ರೋಗಿಗಳ ಬಗ್ಗೆ ನಾವು ನಡೆಸುವ ಅಧ್ಯಯನದ ನರ್ಸ್ ಪ್ರತಿ ರೋಗಿಯ ಮನೆಗೂ ಫೋನ್ ಮಾಡುತ್ತಾರೆ, ಮಾತ್ರೆಯ ಜೊತೆ ಗದ್ದೆಗೆ ಗಂಬೂಟು ಹಾಕಿದ್ದಾರಾ, ಶುಗರ್ ಎಷ್ಟಿದೆ ಎಂದೂ ವಿಚಾರಿಸುತ್ತಾರೆ. ಎಥಿಕ್ಸ್ ಕಮಿಟಿಗೆ ಕೊಟ್ಟ ಪ್ರಸ್ತಾವದಲ್ಲಿ ಈ ಫೋನಿನ ಖರ್ಚಿಗೆ ಒಂದು ಸಾಲು ಇತ್ತು. ಇಡೀ ಬಜೆಟ್ಟಿನಲ್ಲಿ ಅತ್ಯಂತ ಸಾರ್ಥಕವಾದ ಸಾಲು ಅದೇ ಎಂದು ನನಗನಿಸುತ್ತದೆ.

ಈ ಮಳೆಗಾಲದಿಂದ ಟಿಬಿ ಘಟಕದ ಜೊತೆ ಸೇರಿ ಕೆಲಸ ಮಾಡುತ್ತಿದ್ದೇವೆ. ಸಿಬಿನ್ಯಾಟ್ (ಕಫದಲ್ಲಿ ಟಿಬಿ ಹುಡುಕುವ ಪರೀಕ್ಷೆ) ನೆಗೆಟಿವ್, ಎಕ್ಸ್‌ರೇಯಲ್ಲಿ ನೆರಳು, ಜೊತೆಗೆ ಶುಗರ್: ಇಂಥವರ ಕಫ ಎರಡನೇ ಡಬ್ಬಿಯಲ್ಲಿ ನಮ್ಮ ಲ್ಯಾಬಿಗೂ ಬರುತ್ತದೆ. ಬರುವವುಗಳಲ್ಲಿ ಹೆಚ್ಚಿನವು ನೆಗೆಟಿವ್. ಟಿಬಿ ಔಷಧ ಶುರು ಮಾಡುವ ಮೊದಲೇ ಡಬ್ಬಿ ಕಳಿಸಿ, ಫ್ರಿಜ್ಜಿನಲ್ಲಿ ಇಡಬೇಡಿ ಎಂದು ಮಾತ್ರ ಅಲ್ಲಿಯವರಿಗೆ ಪ್ರತಿ ವಾರ ನೆನಪಿಸಬೇಕಾಗಿದೆ.