ಉಸಿರಲ್ಲಿ ಲಿವರ್ ಕೆಲಸ ಅಳೆಯೋದು, ನನ್ನ ಅನುಭವ

ನಾನು ಬೆಂಗಳೂರಲ್ಲಿ ಬ್ರೆತ್ ಟೆಸ್ಟ್ ಮಾಡೋ ಟೆಕ್ನಿಷಿಯನ್, ಹೆಚ್ಚಾಗಿ ಸಿರೋಸಿಸ್, ಅಂದ್ರೆ ಲಿವರ್ ಕಲೆಗಟ್ಟಿ ಗಟ್ಟಿಯಾಗೋ ಕಾಯಿಲೆ ಇರೋರೇ ಬರ್ತಾರೆ. ಎಸ್‌ಜಿಪಿಟಿ ಅನ್ನೋ ರಕ್ತ ಪರೀಕ್ಷೆ ನೋಡಿದ್ರೆ ಲಿವರ್‌ಗೆ ಪೆಟ್ಟು ಬೀಳ್ತಿದ್ಯಾ ಅಂತ ಗೊತ್ತಾಗತ್ತೆ, ಫೈಬ್ರೋಸ್ಕ್ಯಾನ್ ಅನ್ನೋ ಸ್ಕ್ಯಾನಲ್ಲಿ ಎಷ್ಟು ಗಟ್ಟಿಯಾಗಿದೆ ಅಂತ ಗೊತ್ತಾಗತ್ತೆ, ಆದ್ರೆ ಉಳಿದಿರೋ ಲಿವರ್ ಈಗ ಎಷ್ಟು ದುಡೀತಿದೆ ಅಂತ ನೋಡೋಕೆ ಈ ಟೆಸ್ಟ್.

ಮೊದಲು ಒಂದು ಬ್ಯಾಗಿಗೆ ಊದಿಸ್ತೀವಿ, ಅದು ಬೇಸ್‌ಲೈನ್, ಅಂದ್ರೆ ಹೋಲಿಸಿ ನೋಡೋಕೆ ಮೊದಲ ಲೆಕ್ಕ. ಆಮೇಲೆ ಕಾರ್ಬನ್-13, ಅಂದ್ರೆ ಮಾಮೂಲಿಗಿಂತ ಸ್ವಲ್ಪ ಭಾರದ ಕಾರ್ಬನ್ ಇರೋ ಮೆಥಾಸೆಟಿನ್ ಅನ್ನೋ ಪುಡಿ 75 ಮಿಲಿಗ್ರಾಂ ನೀರಲ್ಲಿ ಕಲಸಿ ಕುಡಿಸಿ, 10 ನಿಮಿಷಕ್ಕೊಂದು ಬ್ಯಾಗ್, ಒಂದು ಗಂಟೆ. ಲಿವರಲ್ಲಿರೋ ಸಿವೈಪಿ1ಎ2 ಅನ್ನೋ ಎಂಜೈಮ್ ಅದನ್ನ ಒಡೆದಾಗ ಆ ಕಾರ್ಬನ್ ಉಸಿರಲ್ಲಿ ಕಾರ್ಬನ್ ಡೈಆಕ್ಸೈಡ್ ಆಗಿ ಬರತ್ತೆ. ರೇಡಿಯೇಷನ್ ಇಲ್ಲ. ಮೆಥಾಸೆಟಿನಲ್ಲಿ ಉಳಿದಿದ್ದು ಪ್ಯಾರಾಸಿಟಮಾಲ್ ಆಗತ್ತೆ, ಅದಕ್ಕೆ ಅಲರ್ಜಿ ಇದ್ಯಾ ಅಂತ ಮೊದ್ಲೇ ಕೇಳ್ಬೇಕು. ಲಿವರ್ ಚೆನ್ನಾಗಿದ್ರೆ ಉಸಿರಲ್ಲಿ ಬರೋ ಆ ಕಾರ್ಬನ್ ಗ್ರಾಫ್ ಬೇಗ ಮೇಲೇರತ್ತೆ, ಸಿರೋಸಿಸಲ್ಲಿ ತಗ್ಗಾಗೇ ಎಳ್ಕೊಂಡು ಹೋಗತ್ತೆ.

ನನ್ನ ಪ್ರಕಾರ ಮಷೀನ್‌ಗಿಂತ ಮುಖ್ಯ, ಶುರು ಮಾಡೋಕ್ ಮುಂಚೆ ಕೇಳೋ ಪ್ರಶ್ನೆಗಳು. ಮಾಗಡಿ ಕಡೆಯಿಂದ ಬಂದಿದ್ದ ಯಜಮಾನ್ರೊಬ್ಬರನ್ನ ಏನಾದ್ರೂ ತಿಂದಿದೀರಾ ಅಂದ್ರೆ "ಇಲ್ಲ ಕಣಮ್ಮ, ಖಾಲಿ ಹೊಟ್ಟೆ" ಅಂದ್ರು, ಏನಾದ್ರೂ ಕುಡಿದ್ರಾ ಅಂತ ಬಿಡಿಸಿ ಕೇಳಿದ್ಮೇಲೆ "ಒಂದ್ ಲೋಟ ರಾಗಿ ಅಂಬ್ಲಿ ಅಷ್ಟೇಯ" ಅಂದ್ರು. ರಾಗಿ, ಜೋಳ, ಕಬ್ಬು ಇವು ಗಾಳಿಯಿಂದ ಕಾರ್ಬನ್-13ನ ಅಕ್ಕಿ ಗೋಧಿಗಿಂತ ಜಾಸ್ತಿ ತಗೊಳ್ಳೋ ಜಾತಿಯವು, ಬೆಳಿಗ್ಗೆ ಕುಡಿದ ಅಂಬಲಿ ಜೀರ್ಣ ಆಗ್ತಾ ಆಗ್ತಾ ಉಸಿರಿನ ಲೆಕ್ಕಕ್ಕೆ ಸೇರ್ಕೊಂಡ್ಬಿಡತ್ತೆ. ಮಾರನೇ ದಿನ ಬರೋಕ್ ಹೇಳ್ದೆ, ಪಾಪ ಬೇಜಾರಿಲ್ದೆ ಬಂದ್ರು.

ಕಾಫಿನೂ ಅಷ್ಟೇ, ಕೆಫೀನ್ ಒಡೆಯೋದೂ ಇದೇ ಎಂಜೈಮು, ಫಿಲ್ಟರ್ ಕಾಫಿ ಇಲ್ದೆ ಆಗಲ್ಲ ಅನ್ನೋರಿಗೆ ಹಿಂದಿನ ದಿನಾನೇ ಫೋನ್ ಮಾಡಿ ಹೇಳ್ತೀನಿ. ಸಿಗರೇಟ್ ಸೇದೋರಲ್ಲಿ ಎಂಜೈಮ್ ಜಾಸ್ತಿಯಾಗಿ ಲಿವರ್ ಇರೋದಕ್ಕಿಂತ ಚೆನ್ನಾಗಿ ಕಾಣಬಹುದು, ಸಿಪ್ರೊಫ್ಲಾಕ್ಸಾಸಿನ್ ಅನ್ನೋ ಆಂಟಿಬಯೋಟಿಕ್ ತಗೊಳ್ತಿದ್ರೆ ಉಲ್ಟಾ. ಹೊಟ್ಟೇಲಿ ನೀರು ತುಂಬಿರೋರಿಗೆ ಪೆರಿಟೋನೈಟಿಸ್, ಅಂದ್ರೆ ಹೊಟ್ಟೆಯೊಳಗೆ ಸೋಂಕು ಆಗದಿರ್ಲಿ ಅಂತ ಆ ಮಾತ್ರೆ ಕೊಟ್ಟಿರೋದುಂಟು, ಅದಕ್ಕೇ ಮಾತ್ರೆ ಕವರ್ ತಂದು ತೋರಿಸಿ ಅಂತೀನಿ. ಟೆಸ್ಟ್ ಮುಗಿಯೋವರ್ಗೂ ಓಡಾಡಂಗಿಲ್ಲ, ಓಡಾಡಿದ್ರೆ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಬಂದು ಲೆಕ್ಕ ಕೆಡತ್ತೆ.

ಸಿರೋಸಿಸ್ ಇರೋರು ಜಾಸ್ತಿ ಹೊತ್ತು ಉಪವಾಸ ಇರಬಾರದು, ಮೈಯಲ್ಲಿರೋ ಮಾಂಸಖಂಡಾನೇ ಕರಗತ್ತೆ. ಹಾಗಾಗಿ ರಾತ್ರಿ ಮಲಗೋ ಮುಂಚೆ ಏನಾದ್ರೂ ತಿನ್ನಿ, ಬೆಳಿಗ್ಗೆ ಮೊದಲ ಸ್ಲಾಟ್ ನಿಮ್ದೇ, ತಿಂಡಿ ಡಬ್ಬಿ ಜೊತೇಲೇ ತನ್ನಿ ಅಂತ ಹೇಳ್ತೀನಿ. ಕೊನೇ ಬ್ಯಾಗ್ ಊದಿದ ತಕ್ಷಣ ಡಬ್ಬಿ ತೆಗೆಸಿ ಅಲ್ಲೇ ತಿನ್ನಿಸಿ ಕಳಿಸ್ತೀನಿ.