ಸಕ್ಕರ್ ಮೀನು ತಂದರೆ ಪಾಚಿ ಹೋಗಲ್ಲ

ನಾನು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವನು. ಮನೆಯ ಹಜಾರದಲ್ಲಿ ಎರಡಡಿ ಉದ್ದದ ಮೀನಿನ ತೊಟ್ಟಿ ಇದೆ. ಸುಮಾರು 60 ಲೀಟರ್ ನೀರು ಹಿಡಿಯುತ್ತದೆ. ಮೊದಲ ವರ್ಷ ಅದರಲ್ಲಿ ಮೀನಿಗಿಂತ ಪಾಚಿಯೇ ಜೋರಾಗಿ ಬೆಳೆಯಿತು. ತಪ್ಪು ನನ್ನದೇ. ಗೂಡು ಬಿಚ್ಚಿದ ಮೇಲೆ ಒಳಗೆ ಉಳಿಯುವ ಹುಳು, ಅಂದರೆ ಪ್ಯೂಪಾ, ನಮ್ಮಲ್ಲಿ ಬೇಕಾದಷ್ಟು, ಮೀನಿಗೂ ಬಲು ಇಷ್ಟ. ಒಣಗಿಸಿ ಪುಡಿ ಮಾಡಿ ದಿನಕ್ಕೆ ಮೂರು ಸಲ ಉದುರಿಸುತ್ತಿದ್ದೆ. ನೀರಿನ ಮೇಲೆ ಎಣ್ಣೆ ಪದರ, ಗಾಜಿನ ತುಂಬಾ ಹಸಿರು.

ಅಂಗಡಿಯವರು ‘ಒಂದು ಸಕ್ಕರ್ ಬಿಡಿ ಸಾರ್, ಎಲ್ಲ ನೆಕ್ಕಿ ಹಾಕುತ್ತೆ’ ಅಂದರು. ಬೆರಳುದ್ದದ ಮರಿ ತಂದೆ. ಚಿಕ್ಕದಿದ್ದಾಗ ನೆಕ್ಕಿತು, ನಿಜ. ಗೇಣುದ್ದ ಆದ ಮೇಲೆ ಪಾಚಿ ಬಿಟ್ಟು ನಾನು ಹಾಕುವ ಕಾಳಿಗೇ ಕಾಯತೊಡಗಿತು. ಅದರ ಹಿಕ್ಕೆ ನೋಡಬೇಕಿತ್ತು! ಆ ಹಿಕ್ಕೆಯೇ ಪಾಚಿಗೆ ಗೊಬ್ಬರ. ಈ ಮೀನು ಒಂದಡಿ ದಾಟಿ ಬೆಳೆಯುತ್ತದೆ, ಅದನ್ನು ಮಾರುವಾಗ ಯಾರೂ ಹೇಳುವುದಿಲ್ಲ. ಬೇಡ ಅನ್ನಿಸಿದರೆ ದಯವಿಟ್ಟು ಕೆರೆಗೆ ಬಿಡಬೇಡಿ, ಅಲ್ಲಿನ ಮೀನುಗಳಿಗೆ ಕಂಟಕ. ನಾನು ದೊಡ್ಡ ತೊಟ್ಟಿ ಇರುವ ಪರಿಚಯದವರಿಗೆ ಕೊಟ್ಟೆ.

ಪಾಚಿಗೆ ಬೇಕಾದದ್ದು ಬೆಳಕು ಮತ್ತು ಊಟ. ಮೊದಲು ಅವೆರಡನ್ನೂ ಕಡಿಮೆ ಮಾಡಿ. ಕಿಟಕಿ ಬಿಸಿಲು ಬೀಳದ ಕಡೆ ತೊಟ್ಟಿ ಇಡಿ. ಲೈಟು ದಿನಕ್ಕೆ 6ರಿಂದ 8 ಗಂಟೆ ಸಾಕು. ಮರೆವು ಜಾಸ್ತಿ ಇದ್ದರೆ ಟೈಮರ್ ಹಾಕಿಸಿ. ಎರಡು ನಿಮಿಷದಲ್ಲಿ ಮೀನು ಮುಗಿಸುವಷ್ಟೇ ಆಹಾರ, ದಿನಕ್ಕೆ ಒಂದೇ ಸಲ. ಪ್ಯೂಪಾ ಈಗ ವಾರಕ್ಕೊಮ್ಮೆ ಒಂದು ಚಿಟಿಕೆ, ಅಷ್ಟೇ.

ಹೊಸ ತೊಟ್ಟಿಯಲ್ಲಿ ಕಂದು ಬಣ್ಣದ ದೂಳಿನಂಥದ್ದು ಕೂತರೆ ಗಾಬರಿ ಬೇಡ. ಒರೆಸುತ್ತಾ ಇರಿ, ಒಂದೆರಡು ತಿಂಗಳಲ್ಲಿ ಸಾಮಾನ್ಯವಾಗಿ ತಾನೇ ಹೋಗುತ್ತದೆ. ಗಾಜಿಗೆ ಅಂಟಿದ ಹಸಿರು ಚುಕ್ಕೆಗೆ ಬ್ಲೇಡು. ಕೂದಲಿನಂಥ ಪಾಚಿಗೆ ಹಳೆಯ ಟೂತ್‌ಬ್ರಷ್ ಹಾಕಿ ತಿರುಗಿಸಿ, ಚರಕಕ್ಕೆ ಎಳೆ ಸುತ್ತಿದ ಹಾಗೆ ಸುತ್ತಿಕೊಂಡು ಬರುತ್ತದೆ. ನನಗಂತೂ ಕೈ ಪಳಗಿದ ಕೆಲಸ! ಎಲೆಯ ಅಂಚಿಗೆ ಕಪ್ಪು ಗಡ್ಡದ ಹಾಗೆ ಬಂದರೆ ಉಜ್ಜಿ ಪ್ರಯೋಜನವಿಲ್ಲ, ಆ ಎಲೆಯನ್ನೇ ಕತ್ತರಿಸಿ.

ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ನೂಲು ಬಿಚ್ಚುವವರಿಗೆ ಇದು ಗೊತ್ತಿರುವ ತಲೆನೋವೇ. ಅದಕ್ಕೇ ಗಡಸು ನೀರಿಗೆ ಜಗ್ಗದ ಗಿಡ ಆರಿಸಿ. ವ್ಯಾಲಿಸ್ನೇರಿಯಾ ಮತ್ತು ಹಾರ್ನ್‌ವರ್ಟ್ ಬೇಗ ಬೆಳೆದು ಪಾಚಿಯ ಊಟವನ್ನು ತಾವೇ ಉಣ್ಣುತ್ತವೆ. ಮೊದಲ ದಿನದಿಂದಲೇ ಒತ್ತಾಗಿ ಹಾಕಿ, ನಾಲ್ಕು ಕಡ್ಡಿ ಸುಮ್ನೆ ಅಲಂಕಾರಕ್ಕೆ ಬೇಡ. ಅನುಬಿಯಾಸ್ ನಿಧಾನದ ಗಿಡ, ಎಲೆ ಮೇಲೆ ಪಾಚಿ ಕೂರುತ್ತದೆ. ಅದನ್ನು ನೆರಳಿರುವ ಕಡೆ ಕಲ್ಲಿಗೋ ಮರದ ತುಂಡಿಗೋ ಕಟ್ಟಿ, ದಪ್ಪ ಬೇರುಗಡ್ಡೆಯನ್ನು ಮರಳಲ್ಲಿ ಹೂಳಬೇಡಿ.

ಇಷ್ಟು ಸರಿ ಹೋದ ಮೇಲೆ ಮೀನಿನ ಮಾತು. ಈ ಅಳತೆಯ ತೊಟ್ಟಿಗೆ ಬ್ರಿಸಲ್‌ನೋಸ್ ಅನ್ನುವ ಚಿಕ್ಕ ಜಾತಿಯ ಸಕ್ಕರ್ ಒಂದು ಸಾಕು, ಐದು ಇಂಚು ದಾಟುವುದು ಕಡಿಮೆ. ಮಾಲಿ ಮೀನುಗಳು ಗಡಸು ನೀರಲ್ಲಿ ಖುಷಿಯಾಗಿದ್ದು ದಿನವಿಡೀ ಪಾಚಿ ಕುಕ್ಕುತ್ತವೆ. ನನ್ನ ಮೆಚ್ಚಿನದು ನೆರೈಟ್ ಬಸವನಹುಳು. ಅದು ಅಲ್ಲಲ್ಲಿ ಬಿಳಿ ಚುಕ್ಕೆಯಂಥ ಮೊಟ್ಟೆ ಅಂಟಿಸುತ್ತದೆ. ಸಿಹಿನೀರಲ್ಲಿ ಅವು ಮರಿಯಾಗುವುದಿಲ್ಲ. ನಮ್ಮವಳು ಅದನ್ನು ನೀರಿನ ಸುಣ್ಣದ ಕಲೆ ಅಂತ ವಿನೆಗರ್ ಹಿಡಿದು ಬಂದಿದ್ದಳು, ತಡೆದೆ.

ಪ್ರತಿ ಭಾನುವಾರ ಒಂದು ಬಕೆಟ್, ಅಂದರೆ 15 ಲೀಟರ್ ನೀರು ತೆಗೆದು ಅಷ್ಟೇ ಹೊಸದು ಹಾಕುತ್ತೇನೆ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲೆಂದು ಒಂದು ದಿನ ತೆರೆದಿಡುತ್ತೇನೆ. ತೆಗೆದ ನೀರು ಹಿತ್ತಲಿನ ಹಿಪ್ಪುನೇರಳೆ ಗಿಡಕ್ಕೆ.