ಹಿಂದಿನ ಕೋಣೆಯನ್ನು ಕೂರುವ ಕೋಣೆ ಮಾಡಿದ್ದು

ನಮ್ಮ ಮನೆ ಮಡಿಕೇರಿಯಿಂದ ಸ್ವಲ್ಪ ದೂರ, ಕಾಫಿ ತೋಟದ ಅಂಚಿನಲ್ಲಿದೆ. ಹಿಂದಿನ ಕೋಣೆಯಲ್ಲಿ ವರ್ಷಗಟ್ಟಲೆ ಯಾರೂ ಕೂತದ್ದಿಲ್ಲ. ಮೆಣಸಿನ ಚೀಲ, ಮುರಿದ ಮಂಚ, ಮದುವೆಗೆ ಉಡುಗೊರೆ ಬಂದ ಗಡಿಯಾರಗಳು ಅಲ್ಲಿದ್ದವು. ನನಗೆ ಟೀವಿ ಕೇಳಿಸದ ಒಂದು ಜಾಗ ಬೇಕಿತ್ತು, ಅಷ್ಟೇ.

ಇಂಟೀರಿಯರ್ ಮಾಡುವವರೊಬ್ಬರು ಬಂದು ನೋಡಿ ಫಾಲ್ಸ್ ಸೀಲಿಂಗ್, ಪ್ಲೈವುಡ್ ಕಪಾಟು, ವಾಲ್‌ಪೇಪರ್ ಅಂತ ಪಟ್ಟಿ ಕೊಟ್ಟರು. ವರ್ಷಕ್ಕೆ 100 ಇಂಚು ಮಳೆ ದಾಟುವ ಊರಲ್ಲಿ ವಾಲ್‌ಪೇಪರ್! ಪಟ್ಟಿ ಮಡಚಿಟ್ಟು ಮೇಸ್ತ್ರಿಯನ್ನು ಕರೆಸಿದೆ.

ಮೊದಲ ತಪ್ಪು ನನ್ನದೇ. ಬೂಷ್ಟು ಹಿಡಿದ ಪ್ಲಾಸ್ಟಿಕ್ ಪೇಂಟಿನ ಮೇಲೇ ಸುಣ್ಣ ಹೊಡೆಸಿದೆ. ವಾರದಲ್ಲಿ ಹಪ್ಪಳದ ಹಾಗೆ ಎದ್ದು ಬಂತು. "ಅಕ್ಕಾ, ಗೋಡೆಗೆ ಉಸಿರಾಡೋಕೆ ಬಿಡ್ಬೇಕು" ಅಂದ ಮೇಸ್ತ್ರಿ. ಆಮೇಲೆ ಪೇಂಟೆಲ್ಲ ಗಾರೆ ಕಾಣುವವರೆಗೆ ಕೆರೆಸಿ, ಒಂದು ತಿಂಗಳು ಕಿಟಕಿ ತೆರೆದಿಟ್ಟು ಒಣಗಿಸಿದೆವು. ಈ ಕೆಲಸಕ್ಕೆ ಫೆಬ್ರವರಿ, ಮಾರ್ಚ್ ಸರಿ. ಚಿಪ್ಪು ಸುಣ್ಣವನ್ನು ಡ್ರಮ್ಮಿನಲ್ಲಿ ನೆನೆಹಾಕಿ, 4 ದಿನ ಬಿಟ್ಟು, ಹಳೇ ಪಂಚೆಯಲ್ಲಿ ಸೋಸಿದೆವು. ಮಜ್ಜಿಗೆಗಿಂತ ತೆಳ್ಳಗಿರಬೇಕು. ಹೊಡೆಯುವಾಗ ಬರೀ ನೀರು ಬಳಿದಂತೆ ಕಾಣುತ್ತದೆ, ಒಣಗುತ್ತಾ ಬೆಳ್ಳಗಾಗುತ್ತದೆ. ಅವಸರಕ್ಕೆ ದಪ್ಪ ಹೊಡೆದರೆ ಉದುರುತ್ತದೆ. ತೆಳುವಾಗಿ 3 ಕೋಟು ಕೊಟ್ಟೆವು. ಕಣ್ಣಿಗೆ ಬಿದ್ದರೆ ಅಪಾಯ, ಕನ್ನಡಕ ಹಾಕಿಕೊಂಡೇ ಮಾಡಿ. ಸುಣ್ಣದ ಖಾರಕ್ಕೆ ಬೂಷ್ಟು ಸುಲಭವಾಗಿ ಹಿಡಿಯುವುದಿಲ್ಲ, ಗೋಡೆಯ ತೇವವೂ ಹೊರಗೆ ಹೋಗುತ್ತದೆ.

ಆದರೆ ದುಡ್ಡು ಜಾಸ್ತಿ ಹೋದದ್ದು ಮಾಡಿಗೆ, ಅಂದರೆ ಛಾವಣಿಗೆ. ಹಿಂದೊಮ್ಮೆ ಹೆಂಚು ತೆಗೆಸಿ ಶೀಟ್ ಹಾಕಿಸಿದ್ದೆವು. ಮಳೆ ಜೋರಾದರೆ ಪಕ್ಕದಲ್ಲಿ ಕೂತವರ ಮಾತೂ ಕೇಳುತ್ತಿರಲಿಲ್ಲ. ಅಂಥ ಕಡೆ ನೆಮ್ಮದಿ ಎಲ್ಲಿಂದ ಬರಬೇಕು? ಶೀಟ್ ಇಳಿಸಿ ಮತ್ತೆ ಮಂಗಳೂರು ಹೆಂಚು ಹೊದಿಸಿದೆವು. ಹೆಂಚು ಭಾರ, ಹಾಗಾಗಿ ಅದನ್ನು ಹೊರುವ ಮರದ ಪಕ್ಕಾಸು, ರೀಪು ಎಲ್ಲ ಹೊಸದು. ನಡುವೆ 4 ಗಾಜಿನ ಹೆಂಚು. ಈಗ ಅದೇ ಮಳೆ ದೂರದಲ್ಲಿ ಯಾರೋ ಅಕ್ಕಿ ಕೇರುವ ಹಾಗೆ ಕೇಳುತ್ತದೆ.

ಕೂರುವುದಕ್ಕೆ ಸೋಫಾ ಬೇಡ ಅನ್ನಿಸಿತು, ಮಳೆಗಾಲದಲ್ಲಿ ಅದರ ವಾಸನೆ ಗೊತ್ತಲ್ಲ. ಗೆಳತಿಯ ಐನ್‌ಮನೆಯ (ಕುಟುಂಬದ ಮೂಲ ಮನೆ) ಕೈಯಾಲೆಯಲ್ಲಿ, ಅಂದರೆ ಜಗಲಿಯಲ್ಲಿ, ಕಂಬಗಳ ನಡುವೆ ಕೂರಲು ಅಗಲವಾದ ಐಮರ ಇದೆ. ಎಷ್ಟೋ ತಲೆಮಾರು ಕೂತು ಕೂತು ನುಣುಪಾದ ಹಲಗೆ. ಅದನ್ನೇ ಮನಸ್ಸಲ್ಲಿಟ್ಟುಕೊಂಡು, ಅಟ್ಟದಿಂದ ಇಳಿಸಿದ ಹಲಸಿನ ಹಲಗೆಯನ್ನು ಆಚಾರಿ ಕಿಟಕಿಯುದ್ದಕ್ಕೂ ಕೂರಿಸಿದರು. ಎತ್ತರ 18 ಇಂಚು, ಕಾಲು ಮಡಚಿ ಕೂರುವಷ್ಟು ಅಗಲ. ಗೋಡೆಗೆ ತಾಗಿಸಿಲ್ಲ, ಹಿಂದೆ 2 ಇಂಚು ಗಾಳಿ ಆಡುತ್ತದೆ. ಪುಸ್ತಕದ ಕಪಾಟಿಗೂ ಅಷ್ಟೇ.

ಪರದೆ ಇಲ್ಲ. ಒಂದೇ ಹಳದಿ ಬಲ್ಬು, ಅದೂ ಇನ್ವರ್ಟರ್ ಲೈನಿನಲ್ಲಿ. ಗಡಿಯಾರಗಳನ್ನು ಹಂಚಿಬಿಟ್ಟೆ.

"ಇಷ್ಟು ಖರ್ಚು ಮಾಡಿ ಖಾಲಿ ಕೋಣೆಯಾ?" ಅಂದಿದ್ದರು ಅತ್ತೆ. ಕಕ್ಕಡದ (ಜುಲೈ, ಆಗಸ್ಟ್ ನಡುವೆ ಬರುವ ಕೊಡವ ತಿಂಗಳು) ಮಳೆಯಲ್ಲಿ ಒಂದು ಮಧ್ಯಾಹ್ನ ಹೋಗಿ ನೋಡಿದರೆ ಅವರೇ ಹಲಗೆ ಮೇಲೆ ಕೆಸುವಿನೆಲೆ ಹರಡಿಕೊಂಡು ನಾರು ತೆಗೆಯುತ್ತಿದ್ದರು. ನಾನು ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತೆ. "ಬಾ, ಈ ಕಡೆ ಕೂರು" ಅಂದರು.

ಒಂದು ಮೂಲೆಯಲ್ಲಿ ಮಾತ್ರ ಇನ್ನೂ ಕಪ್ಪು ಬರುತ್ತಿದೆ. ಮಾಡಿನ ನೀರು ಹರಿಯುವ ಹೊರಗಿನ ದಂಬೆ ಸೋರಿ ಗೋಡೆಗೇ ಬೀಳುತ್ತದೆ. ಕಾಫಿ ಕೊಯ್ಲು ಮುಗಿಯಲಿ, ಮೇಸ್ತ್ರಿ ಬರ್ತೀನಿ ಅಂದಿದ್ದಾನೆ.